ಬಿಸಿಲನ್ನು ಹಿಂಬಾಲಿಸುವ ಚಾಪೆ

ನಮ್ಮ ಸೀಮೆಗೂ ಚಳಿಗೂ ಏನು ಸಂಬಂಧವೆಂದು ಮೈಸೂರು ಕಡೆಯ ಮಿತ್ರರೊಬ್ಬರು ಒಮ್ಮೆ ನಕ್ಕಿದ್ದರು. ಸುರಪುರವೆಂದೊಡನೆ ಅವರ ಕಣ್ಣಮುಂದೆ ಬರುವುದು ಕಾದ ಕಲ್ಲುಗುಡ್ಡ, ಬರಿದಾದ ಕೊಡ. ಅವರ ಮಾತು ಸುಳ್ಳಲ್ಲ. 40 ಡಿಗ್ರಿ ದಾಟುವ ಬೇಸಿಗೆ ನಮಗೆ ವಿಶೇಷವೇನೂ ಅಲ್ಲ. ಆದರೆ ಹಾಗೆ ಕಾಯುವ ನೆಲವೇ ಮಾರ್ಗಶಿರ, ಪುಷ್ಯಗಳ ಬೆಳಗಿನಲ್ಲಿ ಬೆರಳು ಸೆಟೆಯುವಷ್ಟು ತಣ್ಣಗಾಗುತ್ತದೆ. ಹೊಲಕ್ಕೆ ಹೋಗುವವನು ಆ ಚಳಿಯನ್ನು ಒಂದು ತಾಸಿನಲ್ಲಿ ಕೊಡವಿಕೊಳ್ಳುತ್ತಾನೆ. ಮನೆಯೊಳಗೆ ಕುಳಿತು ದುಡಿಯುವವನನ್ನು ಅದು ಸಂಜೆಯ ತನಕ ಬಿಡುವುದಿಲ್ಲ. ಇಂದು ನಾನು ಮಾತನಾಡಬೇಕೆಂದಿರುವುದು ಈ ಎರಡನೆಯವನ ಪರವಾಗಿ. ಏಕೆಂದರೆ ನಾನೂ ಅವರಲ್ಲೊಬ್ಬ.

ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ ಅಚ್ಚಿನ ಕರಡು ತಿದ್ದುವುದನ್ನು ಉಪವೃತ್ತಿಯಾಗಿ ಹಿಡಿದಿದ್ದೇನೆ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನನ್ನ ಮಗನೂ ತನ್ನ ಗಣಕಯಂತ್ರವನ್ನು ಹೊತ್ತು ಬೆಂಗಳೂರಿನಿಂದ ಊರಿಗೆ ಬಂದ. ಕೆಲಸ ಇಲ್ಲಿಂದಲೇ ಸಾಗತೊಡಗಿತು. ಹೀಗೆ ನಮ್ಮದು ಎರಡು ಕಚೇರಿಗಳ ಮನೆಯಾಯಿತು. ಅದು ಹಳೆಯ ಮಾಳಿಗೆ ಮನೆ. ಮೊಳಗಟ್ಟಲೆ ದಪ್ಪದ ಗೋಡೆ, ಅಂಗೈಯಗಲದ ಕಿಟಕಿ, ಮೇಲೊಂದು ಬೆಳಕಿಂಡಿ, ಕೆಳಗೆ ಶಹಾಬಾದಿನ ಫರಸಿ. ಕಟ್ಟಿಸಿದ ನಮ್ಮಜ್ಜ ಬೇಸಿಗೆಯೊಂದನ್ನೇ ಶತ್ರುವೆಂದು ಎಣಿಸಿದ್ದನೆಂದು ತೋರುತ್ತದೆ. ಚಳಿಗಾಲದಲ್ಲಿ ಮನುಷ್ಯನೊಬ್ಬ ಹಗಲೆಲ್ಲ ಅದರೊಳಗೆ ಕುಳಿತಿರಬಹುದೆಂಬ ಕಲ್ಪನೆ ಅವನಿಗೆ ಬಂದಿರಲಾರದು. ಅಂದು ಚಳಿಗಾಲದಲ್ಲಿ ಒಳಗೆ ಕೂರುತ್ತಿದ್ದವರು ಬಾಣಂತಿ ಮತ್ತು ಕಾಯಿಲೆಯವರು ಮಾತ್ರ.

ಕಳೆದ ಪುಷ್ಯದ ಒಂದು ನಸುಕಿನಲ್ಲಿ ನಾನೊಂದು ಮೂರ್ಖತನ ಮಾಡಿದೆ. ಕರಡು ಅಂದೇ ಹೋಗಬೇಕಾಗಿತ್ತು. ಬೆರಳುಗಳು ಲೇಖನಿ ಹಿಡಿಯಲೊಲ್ಲವು. ಹಿತ್ತಲಿನಿಂದ ಇದ್ದಿಲಿನ ಶೆಗಡಿಯನ್ನು ತಂದು, ಬಾಗಿಲಿಕ್ಕಿ, ಕಿಟಕಿಗೆ ಗೋಣಿಚೀಲ ತುರುಕಿ ಕುಳಿತೆ. ಹಿತವಾದ ಬಿಸಿ! ಸ್ವಲ್ಪ ಹೊತ್ತಿಗೆ ತಲೆನೋವು ಬಂತು. ಅಕ್ಷರಗಳು ಎರಡೆರಡಾಗಿ ಕಂಡವು, ಕನ್ನಡಕದ ದೋಷವೆಂದುಕೊಂಡೆ. ಆಮೇಲೆ ನಿದ್ರೆ ಒತ್ತಿಕೊಂಡು ಬಂತು. ಚಹಾ ತಂದ ಸೊಸೆ ಬಾಗಿಲು ನೂಕಿ, “ಮಾವಾರ, ಇದೇನ್ರಿ ಇದು!” ಎಂದು ಕೂಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಅಂಗಳದಲ್ಲಿದ್ದೆ, ಮಗನ ತೊಡೆಯ ಮೇಲೆ ನನ್ನ ತಲೆಯಿತ್ತು. ಅಷ್ಟು ದೊಡ್ಡ ಹುಡುಗ ಅಳುತ್ತಿದ್ದುದನ್ನು ಅದೇ ಮೊದಲು ಕಂಡೆ.

ಯಾದಗಿರಿಯಲ್ಲಿ ನನ್ನನ್ನು ಪರೀಕ್ಷಿಸಿದ ವೈದ್ಯರು ಆ ಕೆಂಡದ ಗುಟ್ಟನ್ನು ತಿಳಿಸಿದರು. ಗಾಳಿಯಾಡದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆತ್ತರು ಆಮ್ಲಜನಕವನ್ನು ಬಿಟ್ಟು ಅದನ್ನೇ ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂದು ನಾನು ತಿಳಿದಿದ್ದೆ. ಹೊಗೆಯಾದರೂ ಕೆಮ್ಮಿಸಿ ಎಚ್ಚರಿಸುತ್ತದೆ, ಇದು ಜೋಗುಳ ಹಾಡುತ್ತದೆ. ಕೇಳುಗರಲ್ಲಿ ಯಾರಾದರೂ ಶೆಗಡಿಯಿಟ್ಟು ಮಲಗುವವರಿದ್ದರೆ ದಯವಿಟ್ಟು ಇಂದು ರಾತ್ರಿಯೇ ಅದನ್ನು ಹೊರಗಿಡಿ.

ವೈದ್ಯರು ಅಲ್ಲಿಗೇ ಬಿಡಲಿಲ್ಲ. ದಿನಕ್ಕೆ ಎಷ್ಟು ತಾಸು ಕೂರುತ್ತೀರಿ, ಎಷ್ಟು ನೀರು ಕುಡಿಯುತ್ತೀರಿ, ಮೈಮೇಲೆ ಬಿಸಿಲು ಬಿದ್ದು ಎಷ್ಟು ದಿನವಾಯಿತು ಎಂದು ಕೇಳಿದರು. ಮೂರನೆಯದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಚಳಿಯಲ್ಲಿ ಬಾಯಾರಿಕೆ ಕಡಿಮೆ ಅನಿಸಿದರೂ ದೇಹದ ಅಗತ್ಯ ಅಷ್ಟಾಗಿ ತಗ್ಗುವುದಿಲ್ಲವಂತೆ. ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ತುಸು ಏರುತ್ತದಂತೆ. ಕಿಟಕಿಯ ಬಳಿ ಕೂರುತ್ತೇನಲ್ಲ ಎಂದೆ. ಚರ್ಮದಲ್ಲಿ ಡಿ ಜೀವಸತ್ವವನ್ನು ಹುಟ್ಟಿಸುವ ಕಿರಣಗಳು ಗಾಜನ್ನು ದಾಟುವುದಿಲ್ಲ, ಎಳೆಬಿಸಿಲಿಗಿಂತ ಹತ್ತು ಗಂಟೆಯ ಮೇಲಿನ ಬಿಸಿಲಿನಲ್ಲಿ ಅವು ಹೆಚ್ಚು ಎಂದರು. ಬಿಸಿಲಿಗಾಗಿಯೇ ಹೆಸರಾದ ನಾಡಿನಲ್ಲಿ ಬಿಸಿಲಿಲ್ಲದೆ ಸೊರಗುವುದೆಂದರೆ ಕೃಷ್ಣೆಯ ದಂಡೆಯಲ್ಲಿ ಬಾಯಾರಿ ಬಿದ್ದಂತೆ.

ಮರಳುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದೆ. ಹತ್ತಿ ಬಿಡಿಸುವವರು, ತೊಗರಿ ರಾಶಿ ಮಾಡುವವರು, ಕಾಲುವೆಯ ಏರಿಯ ಮೇಲೆ ಬಟ್ಟೆ ಒಣಗಿಸುವವರು, ಎಲ್ಲರೂ ಬಿಸಿಲಿನಲ್ಲಿದ್ದರು. ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದ ಬುದ್ಧನಿಗೂ ಹಣೆಯಿಂದ ಪಾದದವರೆಗೆ ಬಿಸಿಲು ಸಿಕ್ಕಿತ್ತು.

ನಮ್ಮ ಎದುರು ಮನೆಯಲ್ಲಿ ಕೌದಿ ಹೊಲಿಯುವ ಮುದುಕಿಯೊಬ್ಬಳಿದ್ದಾಳೆ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನವರೆಗೆ ಸಾಲುಹೊಲಿಗೆ ಹಾಕುತ್ತಾಳೆ. ಮನೆಯಿಂದ ಕೆಲಸವೆಂಬುದನ್ನು ನನ್ನ ಮಗನ ಕಚೇರಿ 2020ರಲ್ಲಿ ಕಂಡುಹಿಡಿಯಿತು. ಇವಳು ಹುಟ್ಟಾ ಬಲ್ಲಳು. ಇವಳ ಕಟ್ಟೆ ದಕ್ಷಿಣಕ್ಕಿದೆ, ಮುಂದೊಂದು ಬೇವಿನ ಮರ. ಚಳಿಗಾಲದ ಸೂರ್ಯ ನಮ್ಮಲ್ಲಿ ನಡುಹಗಲಿಗೂ ನೆತ್ತಿಗೇರದೆ ದಕ್ಷಿಣಕ್ಕೆ ವಾಲಿಯೇ ಸಾಗುತ್ತಾನಲ್ಲವೆ? ಬೇವಿನ ನೆರಳು ಕಟ್ಟೆಯ ಮೇಲೆ ಸರಿದಂತೆಲ್ಲ ಅವಳು ಎದ್ದು ಚಾಪೆಯನ್ನು ಎಳೆದುಕೊಳ್ಳುತ್ತಾಳೆ. ಎದ್ದಾಗ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಾಳೆ, ದೂರದ ಗುಡ್ಡ ನೋಡುತ್ತಾಳೆ, ತಂಬಿಗೆಯ ನೀರು ಕುಡಿಯುತ್ತಾಳೆ. ವೈದ್ಯರು ನನಗೆ ಬರೆದುಕೊಟ್ಟ ಚೀಟಿಯೆಲ್ಲ ಅವಳ ಚಾಪೆಯಲ್ಲೇ ಇತ್ತು. “ಸೂಜಿಗಿ ಬಿಸಲು ಬೇಕ್ರಿ ಮಾಸ್ತರ, ಬೆನ್ನಿಗೂ ಬೇಕ್ರಿ” ಎಂದಳು ಕೇಳಿದಾಗ.

ಅವಳು ನೋಡುವ ಗುಡ್ಡದ ಮೇಲೆಯೇ ಟೇಲರ್ ಮಂಜಿಲ್ ಇದೆ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಕಾಗದಪತ್ರಗಳ ನಡುವೆ ಬದುಕಿದರೂ ರಾಜನಕೋಳೂರಿನ ಶಿಲಾಸಮಾಧಿಗಳ ತನಕ ಹೋಗಿ ಅವುಗಳ ಬಗ್ಗೆ ಬರೆದವನು. ಬರೆಯುವವನಿಗೂ ಕಾಲುಗಳಿವೆಯೆಂಬುದನ್ನು ಅವನು ಮರೆಯಲಿಲ್ಲ.

ಊಟದ ಬಗ್ಗೆ ಒಂದು ಮಾತು. ಹೇಮಂತದಲ್ಲಿ ಜಠರಾಗ್ನಿ ಪ್ರಬಲ, ಜಿಡ್ಡಿನ ಆಹಾರ ತಕ್ಕುದು ಎನ್ನುತ್ತದೆ ಚರಕಸಂಹಿತೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಎಳ್ಳ ಅಮಾವಾಸ್ಯೆಯ ಭಜ್ಜಿ ಆ ಮಾತಿಗೆ ನಮ್ಮ ಸೀಮೆಯ ಭಾಷ್ಯ. ಆದರೆ ಅವು ಹೊಲದಲ್ಲಿ ದುಡಿಯುವವನ ತಟ್ಟೆಗೆಂದು ಹುಟ್ಟಿದ ತಿನಿಸುಗಳು. ಕುರ್ಚಿಯಲ್ಲಿ ಕುಳಿತು ಅವನಷ್ಟೇ ರೊಟ್ಟಿ ಮುರಿದರೆ ಹೊಟ್ಟೆಯೇ ಲೆಕ್ಕ ಕೇಳುತ್ತದೆ. ನಾನು ಒಂದನ್ನು ಬಿಟ್ಟಿದ್ದೇನೆ, ಹಿಂಡಿಯನ್ನು ಬಿಟ್ಟಿಲ್ಲ.

ಈಗ ಮಗ ತನ್ನ ಬೆಳಗಿನ ದೂರವಾಣಿ ಸಭೆಗಳನ್ನು ಮಾಳಿಗೆಯ ಮೇಲೆ ಅಡ್ಡಾಡುತ್ತ ಮುಗಿಸುತ್ತಾನೆ. ಕೆಳಗಿನಿಂದ ನೋಡಿದರೆ ಯಾರೊಡನೆಯೋ ಜಗಳವಾಡುತ್ತಿದ್ದಾನೆ ಎನಿಸುತ್ತದೆ. ನಾನು ಕರಡುಗಳನ್ನು ಹಿಡಿದು ಎದುರು ಮನೆಯ ಕಟ್ಟೆಗೆ ಹೋಗುತ್ತೇನೆ. ಬಾಡಿಗೆಯಾಗಿ ನನ್ನ ಎರಡು ಹಳೆಯ ಧೋತರಗಳು ಕೌದಿಗೆ ಸೇರಿವೆ. ಕಾಗುಣಿತದ ತಪ್ಪಿನಲ್ಲಿ ಮುಳುಗಿ ನಾನು ನೆರಳಿನಲ್ಲೇ ಉಳಿದುಬಿಟ್ಟರೆ, ಅವಳು ಸೂಜಿಯಿಂದ ತಲೆಯೆತ್ತದೆಯೇ ಹೇಳುತ್ತಾಳೆ: “ಮಾಸ್ತರ, ಬಿಸಲು ಸರೀತು, ನೀವೂ ಸರೀರಿ.”