ಮಳೆಗಾಲದ ವಿಧಾನಸಭೆ: ಪುಣೆಯ ಕೌನ್ಸಿಲ್ ಹಾಲ್

ಪುಣೆ ಕ್ಯಾಂಪಿಗೆ ಬಂದವರು ಎಂ.ಜಿ. ರೋಡು ಸುತ್ತಿ, ಕಯಾನಿ ಬೇಕರಿಯ ಬಿಸ್ಕತ್ತು ಕಟ್ಟಿಸಿಕೊಂಡು ಹೊರಟುಬಿಡ್ತಾರೆ. ಆದರೆ ನೀವು ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಾರವಾರದ ಕಡೆಯವರಾದರೆ ಕೌನ್ಸಿಲ್ ಹಾಲ್ ನೋಡದೆ ಹೋಗಬೇಡಿ. ನಿಮ್ಮ ಅಜ್ಜ-ಮುತ್ತಜ್ಜಂದಿರ ಊರಿನ ಕಾನೂನು ಚರ್ಚೆಯಾಗುತ್ತಿದ್ದದ್ದು ಇಲ್ಲಿ.

ಬ್ರಿಟಿಷರ ಕಾಲದಲ್ಲಿ ಈ ಊರುಗಳ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತ್ಯದಲ್ಲಿದ್ದವು. ಸರ್ಕಾರ ಬೇಸಿಗೆಗೆ ಮಹಾಬಳೇಶ್ವರ ಹತ್ತುತ್ತಿತ್ತು, ಮಳೆ ಹಿಡಿಯಿತೆಂದರೆ ಪುಣೆಗೆ ಇಳಿಯುತ್ತಿತ್ತು. ಶಾಸನಸಭೆಯ ಮಳೆಗಾಲದ ಅಧಿವೇಶನವೂ ಈ ಹಾಲಿನಲ್ಲೇ. ಕಟ್ಟಡ 19ನೇ ಶತಮಾನದ್ದು, ಗಾಥಿಕ್ ಶೈಲಿ. ಮೊನಚು ಕಮಾನುಗಳು, ಮೇಲೆದ್ದ ಗೋಪುರ. ತಲೆಯೆತ್ತಿ ನಿಧಾನಕ್ಕೆ ನೋಡಿ.

1937ರ ಜುಲೈ. ಚುನಾವಣೆ ಮುಗಿದು 175 ಸದಸ್ಯರ ಹೊಸ ವಿಧಾನಸಭೆ ಮೊದಲ ಸಲ ಸೇರಿದ್ದು ಪುಣೆಯಲ್ಲಿ. ಸ್ಪೀಕರ್ ಆದವರು ಗ.ವಾ. ಮಾವಳಂಕರ್, ಮುಂದೆ ಲೋಕಸಭೆಯ ಮೊದಲ ಸ್ಪೀಕರ್. ಸೆಪ್ಟೆಂಬರ್ 17ರಂದು, ಅದೇ ಪುಣೆ ಅಧಿವೇಶನದಲ್ಲಿ, ಅಂಬೇಡ್ಕರ್ ಕೊಂಕಣದ ಖೋತಿ ಪದ್ಧತಿ ರದ್ದು ಮಾಡುವ ಮಸೂದೆ ಮಂಡಿಸಿದರು. ಖೋತ ಅಂದರೆ ರೈತನಿಗೂ ಸರ್ಕಾರಕ್ಕೂ ನಡುವೆ ನಿಂತು ಕಂದಾಯ ವಸೂಲಿ ಮಾಡುವವ, ರೈತನನ್ನು ಹಿಂಡುವವ.

ನಮ್ಮವರೂ ಇದ್ದರು. ಹುಬ್ಬಳ್ಳಿಯ ವಕೀಲ ಸರ್ ಸಿದ್ದಪ್ಪ ಕಂಬಳಿ 1930ರ ದಶಕದಲ್ಲಿ ಪ್ರಾಂತ್ಯದ ಮಂತ್ರಿ. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ ಶಾಸಕರು. ಕರ್ನಾಟಕದ ಏಕೀಕರಣಕ್ಕಾಗಿ 1953ರಲ್ಲಿ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟು ಉಪವಾಸ ಕೂತವರು. ಧಾರವಾಡದಿಂದ ಮೀಟರ್ ಗೇಜ್ ರೈಲು ಹತ್ತಿ, ಮೀರಜ್ ದಾಟಿ ಪುಣೆಗೆ ಬರೋದು ಅಂದರೆ ಆಗ ಸಣ್ಣ ಪ್ರಯಾಣವಲ್ಲ. 1956ರ ನವೆಂಬರ್ 1ರಂದು ಈ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಪುಣೆಯ ನಂಟು ಕಡಿಯಿತು. ಈ ಪ್ರತಿನಿಧಿಗಳ ಹೆಸರು ಹೊತ್ತ ಒಂದು ಕನ್ನಡ ಫಲಕ ಈ ಆವರಣದಲ್ಲಿ ಇರಲೇಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಹಾರಾಷ್ಟ್ರ ಸರ್ಕಾರಕ್ಕೂ ಕರ್ನಾಟಕ ಸರ್ಕಾರಕ್ಕೂ ಅದು ದೊಡ್ಡ ಖರ್ಚೇನಲ್ಲ.

ಹೋಗೋದು ಸುಲಭ. ಪುಣೆ ಸ್ಟೇಷನ್ನಿನಿಂದ ದೂರವಿಲ್ಲ, ಆಟೋದವರಿಗೆ ‘ವಿಧಾನ ಭವನ, ಕೌನ್ಸಿಲ್ ಹಾಲ್’ ಅಂದರೆ ಸಾಕು. ಈಗ ಇದು ವಿಭಾಗೀಯ ಆಯುಕ್ತರ ಕಚೇರಿಯ ಆವರಣ, ಮ್ಯೂಸಿಯಂ ಅಲ್ಲ. ಹಾಗಾಗಿ ಗೇಟಿನಲ್ಲಿ ಕೇಳಿ, ಫೋಟೋಗೂ ಅನುಮತಿ ಪಡೆದೇ ಮುಂದುವರಿಯಿರಿ. ಸಮಯ ಉಳಿದರೆ ಗಣೇಶಖಿಂಡ್‌ಗೆ ಹೋಗಿ: ಗವರ್ನರ್ ಮಳೆಗಾಲ ಕಳೆಯುತ್ತಿದ್ದ ಬಂಗಲೆಯೇ ಇವತ್ತಿನ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ.