ಉಪ್ಪಿನ ಋಣ ಯಾರಿಗೆ?



ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಈ ಸೀಮೆಯ ಒಂದು ಕಡೆ ಗೋಲ್ಕೊಂಡ ಕೋಟೆ, ಇನ್ನೊಂದು ಕಡೆ ಬೀದರ್ ಕೋಟೆ. ಈ ಎರಡು ಕೋಟೆಗಳಿಗೂ ಸಂಬಂಧಪಟ್ಟ ಒಬ್ಬ ದಳಪತಿಯ ಜೀವನವನ್ನು ನಾವು ಈ ದಿನ ಆಲೋಚಿಸೋಣ.

ಅವನ ಹೆಸರು ಮಹಮ್ಮದ್ ಸಯೀದ್. ಚರಿತ್ರೆಯಲ್ಲಿ ಮೀರ್ ಜುಮ್ಲಾ ಎಂದೇ ಪ್ರಸಿದ್ಧನು. ಪರ್ಷಿಯಾ ದೇಶದ ಬಡ ಎಣ್ಣೆ ವ್ಯಾಪಾರಿಯ ಮಗ. ಗೋಲ್ಕೊಂಡಕ್ಕೆ ಬಂದು ವಜ್ರದ ವ್ಯಾಪಾರದಲ್ಲಿ ಮೇಲೆ ಬಂದನು. ಸುಲ್ತಾನ ಅಬ್ದುಲ್ಲಾ ಕುತುಬ್ ಷಾ ಅವನಿಗೆ ಮಂತ್ರಿ ಪದವಿಯನ್ನೂ ಸೈನ್ಯವನ್ನೂ ಕೊಟ್ಟನು. 1650ರಲ್ಲಿ ಅವನು ಕಡಪ ಸೀಮೆಯ ಗಂಡಿಕೋಟೆಯನ್ನು ಗೆದ್ದನು. 1652ರಲ್ಲಿ ಅಲ್ಲಿಗೆ ಹೋದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ ಅವನ ಚುರುಕುತನವನ್ನು ಕಂಡು ಬರೆದಿಟ್ಟಿದ್ದಾನೆ: ಕಾಲ್ಬೆರಳು ಕೈಬೆರಳುಗಳ ಸಂದಿಯಲ್ಲಿ ಕಾಗದಪತ್ರ ಸಿಕ್ಕಿಸಿಕೊಂಡು, ಒಂದೊಂದಾಗಿ ಎಳೆದು ಉತ್ತರ ಹೇಳುತ್ತಿದ್ದನಂತೆ.

ಅವನ ಐಶ್ವರ್ಯವೂ ಸೈನ್ಯವೂ ಬೆಳೆದಂತೆ ಸುಲ್ತಾನನಿಗೆ ಸಂಶಯ ಹುಟ್ಟಿತು. 1655ರಲ್ಲಿ ಮೀರ್ ಜುಮ್ಲಾನ ಮಗನು ದರ್ಬಾರಿನಲ್ಲಿ ಅವಮರ್ಯಾದೆಯಿಂದ ನಡೆದುಕೊಂಡದ್ದರಿಂದ ಅವನನ್ನೂ ಅವನ ಮನೆಯವರನ್ನೂ ಸೆರೆ ಹಿಡಿದರು. ತಂದೆಗೆ ನೋವಾದದ್ದು ಸಹಜ. ಆದರೆ ಅದಕ್ಕೆ ಮೊದಲೇ ಅವನು ಮೊಘಲರೊಡನೆ ಗುಟ್ಟಾಗಿ ಮಾತುಕತೆ ನಡೆಸಿದ್ದನು. 1656ರಲ್ಲಿ ಔರಂಗಜೇಬನ ಸೈನ್ಯ ಹೈದರಾಬಾದ್ ನಗರವನ್ನು ಸೂರೆಮಾಡಿ ಗೋಲ್ಕೊಂಡವನ್ನು ಮುತ್ತಿತು. ಸಂಧಿಗಾಗಿ ಒಂದು ಕೋಟಿ ರೂಪಾಯಿ ಕಾಣಿಕೆ ಒಪ್ಪಬೇಕಾಯಿತು. ಅಂಥ ಹಣ ಎಲ್ಲಿಂದ ಬರಬೇಕು? ರೈತನ ಕಣದಿಂದ, ನೇಕಾರನ ಮಗ್ಗದಿಂದ. ಮೀರ್ ಜುಮ್ಲಾ ಮಾತ್ರ ಅದೇ ವರ್ಷ ದೆಹಲಿಯಲ್ಲಿ ಬಾದಷಹನ ವಜೀರನಾದನು.

ಮರುವರ್ಷ, 1657ರಲ್ಲಿ, ಅದೇ ದಳಪತಿ ಔರಂಗಜೇಬನೊಡನೆ ಬೀದರಿನ ಮುಂದೆ ಬಂದು ನಿಂತನು. ಕೋಟೆಯನ್ನು ಬಿಜಾಪುರದ ಪರವಾಗಿ ಕಾಯುತ್ತಿದ್ದವನು ಹಬ್ಷಿ ಮೂಲದ ವೃದ್ಧ, ಸಿದ್ದಿ ಮರ್ಜಾನ್. ಅವನೂ ಪರದೇಶದವನೇ. ನಾಲ್ಕು ವಾರಗಳಷ್ಟು ಕಾಲ ಅವನು ಕೋಟೆಯನ್ನು ಬಿಟ್ಟುಕೊಡಲಿಲ್ಲ. ಮದ್ದಿನ ರಾಶಿಗೆ ಬೆಂಕಿ ಬಿದ್ದು ಮೈ ಸುಟ್ಟ ಮೇಲೆಯೇ ಕೀಲಿಕೈ ಶತ್ರುವಿನ ಕೈ ಸೇರಿತು. ಸ್ವಲ್ಪದರಲ್ಲೇ ಅವನು ಪ್ರಾಣ ಬಿಟ್ಟನು.

ದ್ರೋಹಿಗೆ ಕೂಡಲೇ ಶಿಕ್ಷೆಯಾಯಿತೆಂದು ನಾವು ಹೇಳುವಂತಿಲ್ಲ. ಮೀರ್ ಜುಮ್ಲಾ ಬಂಗಾಳದ ಸುಬೇದಾರನೂ ಆದನು. 1662ರಲ್ಲಿ, ಈಗ ಚಹಾ ತೋಟಗಳಿರುವ ಅಸ್ಸಾಂ ಸೀಮೆಗೆ ದಂಡೆತ್ತಿ ಹೋದಾಗ ಮಳೆಯೂ ಜ್ವರವೂ ಅವನ ಸೈನ್ಯವನ್ನು ಹಿಡಿದವು. ಪಾಳೆಯದಲ್ಲಿ ಉಪ್ಪಿಗೂ ಬರ ಬಂತು. 1663ರ ಮಾರ್ಚಿಯಲ್ಲಿ, ಹಿಂತಿರುಗುವ ದಾರಿಯಲ್ಲಿ, ಅವನು ರೋಗದಿಂದ ಸತ್ತನು. ಇತ್ತ ಗೋಲ್ಕೊಂಡ ಮೊದಲಿನ ಬಲ ಕಾಣಲೇ ಇಲ್ಲ. 1687ರಲ್ಲಿ ಮೊಘಲರ ಪಾಲಾಯಿತು.

ಇದರಲ್ಲಿ ನಮಗೇನು? “ಉಪ್ಪು ತಿಂದ ಮನೆಗೆ ದ್ರೋಹ ಬಗೆಯಬೇಡ” ಎಂಬ ಮಾತನ್ನು ಕೂಲಿಯವರಿಗೆ ಅನೇಕ ಸಲ ಹೇಳುತ್ತಾರೆ. ಒಂದು ತೋಟ ಬಿಟ್ಟು ಹೆಚ್ಚು ಕೂಲಿ ಕೊಡುವ ಇನ್ನೊಂದು ತೋಟಕ್ಕೆ ಹೋದರೂ ಅದನ್ನೇ ಎತ್ತಿ ಆಡುತ್ತಾರೆ. ನಾವು ಸ್ಪಷ್ಟವಾಗಿ ತಿಳಿಯೋಣ: ದುಡಿದು ತಿಂದ ಉಪ್ಪಿಗೆ ಬೆವರಿನಲ್ಲೇ ಲೆಕ್ಕ ತೀರಿದೆ. ಕೆಲಸ ಬಿಡುವುದು ದ್ರೋಹವಲ್ಲ. ಅನ್ಯಾಯವಾದರೆ ಎದ್ದು ಕೇಳುವುದೂ ದ್ರೋಹವಲ್ಲ. ಮೀರ್ ಜುಮ್ಲಾ ಗೋಲ್ಕೊಂಡವನ್ನು ಬಿಟ್ಟುಹೋಗಿದ್ದರೆ ಅದು ಒಬ್ಬನ ಜಗಳವಾಗುತ್ತಿತ್ತು. ತನ್ನನ್ನು ನಂಬಿದ ನಾಡಿನ ಮೇಲೆ ಪರಸೈನ್ಯವನ್ನು ಕರೆತಂದದ್ದೇ ದ್ರೋಹ.

ನಮ್ಮ ಲೈನಿನಿಂದಲೂ ಒಬ್ಬನು ಮೇಸ್ತ್ರಿಯಾಗುತ್ತಾನೆ, ಇನ್ನೊಬ್ಬನು ಸಂಘದ ಮುಖಂಡನಾಗುತ್ತಾನೆ. ಅವರನ್ನು ಮೇಲೆತ್ತಿದವರು ಪಕ್ಕದ ಮನೆಯವರೇ. ಗಂಡಿಕೋಟೆಯನ್ನು ಗೆದ್ದವರೂ ಹೆಸರಿಲ್ಲದ ಸಿಪಾಯಿಗಳೇ ಅಲ್ಲವೇ? ಮೇಲೆ ಬಂದವನಿಗೆ ನೋವಾಗಬಹುದು, ಅವಮಾನವಾಗಬಹುದು. ಆಗ ಅವನು ಕೂಟದಲ್ಲಿ ಎದ್ದು ಹೇಳಲಿ; ನಾವೂ ಸಂಶಯಪಡದೆ ಕಿವಿಗೊಡೋಣ. ಆ ಕೋಪದಲ್ಲಿ ನೆರೆಯವರ ಬಾಗಿಲ ಕೀಲಿಯನ್ನು ಮಾತ್ರ ಯಾರ ಕೈಗೂ ಕೊಡಬಾರದು. ಉಪ್ಪಿನ ಋಣ ಇರುವುದು ಜೊತೆಯಲ್ಲಿ ಕುಳಿತು ಉಂಡವರಿಗೆ.