‘ರೀಡ್’ ಎಂದರೆ ಬರೀ ಓದುವುದಲ್ಲ



ಇಂಗ್ಲಿಷ್ ಕಲಿಯಲು ಹೊರಟ ಮಗುವಿಗೆ ಮೊದಮೊದಲೇ ಎದುರಾಗುವ ಕ್ರಿಯಾಪದ ‘ರೀಡ್’. ಅರ್ಥವೇನೆಂದು ಕೇಳಿದರೆ ಯಾರೇ ಆದರೂ ಥಟ್ಟನೆ ‘ಓದು’ ಎನ್ನುತ್ತಾರೆ. ಆದರೆ ಈ ಪದದ ಬೇರನ್ನು ಹುಡುಕುತ್ತ ಹೋದರೆ ಅಲ್ಲಿ ಪುಸ್ತಕವೂ ಇಲ್ಲ, ಅಕ್ಷರವೂ ಇಲ್ಲ!

ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ರ‍್ಯಾಡನ್’. ಸಲಹೆ ಕೊಡುವುದು, ಊಹಿಸುವುದು, ಗೂಢವಾದುದನ್ನು ಬಿಡಿಸಿ ಹೇಳುವುದು ಇದರ ಮೂಲ ಅರ್ಥಗಳು. ಇಂಗ್ಲಿಷಿನ ಸೋದರ ಭಾಷೆ ಜರ್ಮನ್‌ನಲ್ಲಿ ಇದೇ ಬೇರಿನ ‘ರಾಟೆನ್’ ಎಂಬ ಪದಕ್ಕೆ ಇಂದಿಗೂ ‘ಸಲಹೆ ಕೊಡು’, ‘ಊಹಿಸು’ ಎಂಬ ಅರ್ಥಗಳೇ ಉಳಿದಿವೆ. ಅಲ್ಲಿನ ಪುರಭವನದ ಹೆಸರು ‘ರಾಟ್‌ಹೌಸ್’, ಅಂದರೆ ಊರಿನ ಹಿರಿಯರು ಕೂಡಿ ಆಲೋಚಿಸುವ ಮನೆ.

ಒಗಟು ಎಂಬರ್ಥದ ಇಂಗ್ಲಿಷ್ ಪದ ‘ರಿಡಲ್’ ಕೂಡ ಇದೇ ಬೇರಿನಿಂದ ಹುಟ್ಟಿದ್ದು. ಇಂಗ್ಲೆಂಡಿನ ಎಕ್ಸಿಟರ್ ಪಟ್ಟಣದ ಕೆಥೀಡ್ರಲ್‌ನಲ್ಲಿರುವ 10ನೇ ಶತಮಾನದ ಹಸ್ತಪ್ರತಿಯೊಂದರಲ್ಲಿ 90ಕ್ಕೂ ಹೆಚ್ಚು ಒಗಟುಗಳಿವೆ. ಒಗಟನ್ನು ಬಿಡಿಸುವುದೂ ಬರಹವನ್ನು ಓದುವುದೂ ಆ ಜನರಿಗೆ ಒಂದೇ ಕ್ರಿಯೆ. ಉತ್ತರ ಯುರೋಪಿನಲ್ಲಿ ಮರ, ಕಲ್ಲು, ಮೂಳೆಗಳ ಮೇಲೆ ಕೊರೆಯುತ್ತಿದ್ದ ‘ರೂನ್’ ಲಿಪಿಯನ್ನು ಬಲ್ಲವರು ಕೆಲವರೇ. ಉಳಿದವರ ಪಾಲಿಗೆ ಆ ಗೀಟುಗಳೆಲ್ಲ ಒಗಟು. ಅದನ್ನು ಬಿಡಿಸಿ ಹೇಳುವವನೇ ಓದುವವನು.

ಬೇರೆ ಭಾಷೆಗಳು ಹಿಡಿದ ದಾರಿ ಬೇರೆ. ಲ್ಯಾಟಿನ್‌ನಲ್ಲಿ ಓದುವುದಕ್ಕೆ ಬಳಸುವ ‘ಲೆಗೆರೆ’ ಪದದ ಮೂಲಾರ್ಥ ‘ಆಯ್ದು ಕೂಡಿಸು’. ‘ಲೆಸನ್’, ‘ಲೆಕ್ಚರ್’ಗಳು ಇಂಗ್ಲಿಷಿಗೆ ಬಂದದ್ದು ಅಲ್ಲಿಂದ. ಕನ್ನಡದ ‘ಓದು’ ಮತ್ತು ತಮಿಳಿನ ‘ಓದು’ ಒಂದೇ ದ್ರಾವಿಡ ಮೂಲದವು. ಗಟ್ಟಿಯಾಗಿ ಉಚ್ಚರಿಸುವುದು, ಪಠಿಸುವುದು ಅವುಗಳ ಅರ್ಥದಲ್ಲಿ ಸೇರಿದೆ. ಒಬ್ಬರು ಅಕ್ಷರಗಳನ್ನು ಆಯ್ದರು, ಇನ್ನೊಬ್ಬರು ಅದಕ್ಕೆ ದನಿ ಕೊಟ್ಟರು, ಇಂಗ್ಲಿಷರು ಬಿಡಿಸಿ ನೋಡಿದರು ಎನ್ನಬಹುದು.

ಈ ಹಳೆಯ ಅರ್ಥ ಮರೆತಾಗ ಏನಾಗುತ್ತದೆ? ಇಂಗ್ಲೆಂಡಿನ ಒಬ್ಬ ರಾಜನ ಹೆಸರೇ ಇದಕ್ಕೆ ಸಾಕ್ಷಿ. 978ರಲ್ಲಿ ಪಟ್ಟವೇರಿದ ಎಥೆಲ್‌ರೆಡ್‌ನ ಹೆಸರಿಗೆ ‘ಉದಾತ್ತ ಸಲಹೆ’ ಎಂದರ್ಥ. ದಾಳಿ ಮಾಡಿದ ಡೇನರಿಗೆ ಆತ ಮತ್ತೆ ಮತ್ತೆ ಹಣ ಕೊಟ್ಟು ಕಳಿಸಿದ. 1013ರಲ್ಲಿ ದೇಶ ಬಿಟ್ಟು ನಾರ್ಮಂಡಿಗೆ ಓಡಿದ. ಆತನಿಗೆ ಅಂಟಿದ ಅಡ್ಡಹೆಸರು ‘ಅನ್‌ರ‍್ಯಾಡ್’, ಅಂದರೆ ಸರಿಯಾದ ಸಲಹೆ ಇಲ್ಲದವನು. ಪದದ ಅರ್ಥ ಮಾಸಿದ ಮೇಲೆ ಜನ ಅದನ್ನೇ ‘ಅನ್‌ರೆಡಿ’ ಎಂದು ತಿಳಿದರು. ಸಲಹೆ ಇಲ್ಲದ ರಾಜ ಹೀಗೆ ‘ಸಿದ್ಧನಿಲ್ಲದ’ ರಾಜನಾದ!

ಹಾಗೆಂದು ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಜ್ಯೋತಿಷಿ ಅಂಗೈಯನ್ನು, ವೈದ್ಯರು ಎಕ್ಸ್‌ರೇಯನ್ನು ‘ರೀಡ್’ ಮಾಡುತ್ತಾರೆ. ಅಲ್ಲಿ ಓದುವುದಕ್ಕೆ ಅಕ್ಷರಗಳಿಲ್ಲ, ಗ್ರಹಿಸುವುದಷ್ಟೇ ಇದೆ. ಆದರೆ ಗ್ರಹಿಕೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಕಡೆಯೇ ಅದು ಕಾಣೆಯಾಗುವುದುಂಟು. ಭಾರತದ ಕೋರ್ಟು ಕಚೇರಿಗಳ ಸಾಕ್ಷಿ ಹೇಳಿಕೆಗಳಲ್ಲಿ, ಕರಾರುಪತ್ರಗಳಲ್ಲಿ ‘ಓದಿ, ವಿವರಿಸಿ, ಸರಿಯೆಂದು ಒಪ್ಪಲಾಗಿದೆ’ ಎಂಬರ್ಥದ ಇಂಗ್ಲಿಷ್ ಒಕ್ಕಣೆ ಸಾಮಾನ್ಯ. ‘ಓದಿ’ ಎಂದ ಮೇಲೆ ‘ವಿವರಿಸಿ’ ಎಂಬ ಇನ್ನೊಂದು ಮಾತು ಏಕೆ ಬೇಕಾಯಿತು? ಓದಿದ್ದೆಲ್ಲ ತಿಳಿದಂತಲ್ಲ ಎಂಬುದು ಕಾನೂನಿಗೂ ಗೊತ್ತು. ‘ರ‍್ಯಾಡನ್’ ಪದದ ಒಳಗೇ ಇದ್ದ ಅರ್ಥವನ್ನು ಈಗ ಹೊರಗಿನಿಂದ ಜೋಡಿಸಬೇಕಾಗಿದೆ. ಆ ಎರಡನೆಯ ಪದ ಬರೀ ಕಾಗದದ ಮೇಲೆ ಉಳಿದರೆ, ಹೆಬ್ಬೆಟ್ಟು ಒತ್ತಿದ ರೈತ ಜಮೀನನ್ನೇ ಕಳೆದುಕೊಳ್ಳಬಹುದು. ರುಜು ಹಾಕಲು ಬಲ್ಲವನ ಪಾಡೂ ಇದಕ್ಕಿಂತ ಭಿನ್ನವೇನಲ್ಲ.

ಆದ್ದರಿಂದ ಮಗು ಪಾಠವನ್ನು ಎಲ್ಲೂ ತಡವರಿಸದೆ ಓದಿ ಮುಗಿಸಿದಾಗ ‘ಶಹಬ್ಬಾಸ್’ ಎನ್ನಿ. ಅದರ ಜತೆಗೆ, ‘ಇದರಲ್ಲಿ ಏನು ಹೇಳಿದೆ?’ ಎಂದೂ ಕೇಳಿ. ಉತ್ತರ ಬಂದ ಮೇಲೆಯೇ ಓದು ಮುಗಿದಂತೆ.